ಕಾಗೆಯ ಕಾಮಿಕ್ಸು, ಕಡಕೋಳದ ಪದ

ಮರಾಠಿಯ ‘ಗುರುಚರಿತ್ರೆ’ಯನ್ನು ಏಳು ದಿನ ಪಾರಾಯಣ ಮಾಡುವವರು 41ನೆಯ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ತಡವರಿಸುತ್ತಾರೆ. ಓವಿಗಳ ನಡುವೆ ಇದ್ದಕ್ಕಿದ್ದಂತೆ ಕನ್ನಡ ಪದಗಳು ಎದುರಾಗುತ್ತವೆ. ಕನ್ನಡ ಬಾರದ ಭಕ್ತರೂ ದೇವನಾಗರಿಯಲ್ಲಿ ಅಚ್ಚಾದ ಆ ಸಾಲುಗಳನ್ನು ಬಿಡದೆ, ಶ್ರದ್ಧೆಯಿಂದ ಓದಿಕೊಳ್ಳುತ್ತಾರೆ. ಗ್ರಂಥ ಬರೆದ ಸರಸ್ವತಿ ಗಂಗಾಧರ ಆಳಂದ ತಾಲ್ಲೂಕಿನ ಕಡಗಂಚಿಯ ಸಾಯಂದೇವನ ವಂಶದವನು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯ ಕಥೆ ಹೇಳಲು ಮರಾಠಿಯನ್ನು ಹಿಡಿದ ಆತ, ಗುರುಸ್ತುತಿಯ ಆ ಜಾಗಕ್ಕೆ ಬಂದಾಗ ಕಥನವನ್ನು ಪಕ್ಕಕ್ಕಿಟ್ಟು ಸಾಯಂದೇವನ ಬಾಯಿಂದ ಕನ್ನಡದಲ್ಲಿ ಹಾಡಿಸಿಬಿಟ್ಟ.

ಅದೇ ಕಡಗಂಚಿಯಲ್ಲಿ ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರಲ್ಲಿ ಸ್ಥಾಪನೆಯಾದದ್ದು. ಕಲಬುರಗಿಯಿಂದ ಆಳಂದಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಕಾಣುತ್ತದೆ. ಸುತ್ತ ತೊಗರಿ ಹೊಲ, ನಡುವೆ ಕಟ್ಟಡಗಳು. ಬೇರೆ ಬೇರೆ ರಾಜ್ಯಗಳ ಹುಡುಗ ಹುಡುಗಿಯರು ಇಲ್ಲಿಗೆ ಓದಲು ಬರುತ್ತಾರೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಎದೆಯ ಮೇಲೆ ತಲೆಬುರುಡೆಯ ಚಿತ್ರವಿರುವ ಕಪ್ಪು ಟೀಶರ್ಟು ತೊಟ್ಟ ಹುಡುಗನೊಬ್ಬ ಈ ರಸ್ತೆಯಲ್ಲಿ ಕಂಡರೆ ಯಾರೂ ಹುಬ್ಬೇರಿಸುವ ಕಾಲ ಇದಲ್ಲ. ಆ ಟೀಶರ್ಟಿನ ಹಿಂದಿರುವ ಸಂಗೀತ ತನ್ನ ದೇಶದಲ್ಲಿ ಕಾದಂಬರಿಗೂ ಕಾಮಿಕ್ಸ್ ಎಂಬ ಚಿತ್ರಕಥೆಗೂ ಏನು ಮಾಡಿತು? ಈ ಮಣ್ಣಿನ ಸಾವಿನ ಹಾಡು ನಮ್ಮ ಕಾದಂಬರಿಗೆ ಏನು ಮಾಡಿತು? ಎರಡನ್ನೂ ಒಟ್ಟಿಗೆ ಕೇಳಿ ನೋಡಬೇಕು ಎನ್ನಿಸುವುದು ಈ ಊರಿನ ಕಾರಣಕ್ಕೆ.

ಮೊದಲು ಅವರ ಕಥೆ. ‘ಗಾತಿಕ್ ರಾಕ್’ ಎಂಬ ಹೆಸರನ್ನು 1967ರಷ್ಟು ಹಿಂದೆಯೇ ಅಮೆರಿಕದ ವಿಮರ್ಶಕನೊಬ್ಬ ‘ದಿ ಡೋರ್ಸ್’ ತಂಡಕ್ಕೆ ಹಚ್ಚಿದ್ದುಂಟು. ಆದರೆ ನಾವು ಇವತ್ತು ಆ ಹೆಸರಿನಿಂದ ಗುರುತಿಸುವ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಎಪ್ಪತ್ತರ ದಶಕದ ಕೊನೆಗೆ. ಕಾರ್ಖಾನೆಗಳು ಮುಚ್ಚುತ್ತಿದ್ದವು, ಕೆಲಸವಿಲ್ಲದ ಹುಡುಗರು ಬೀದಿಯಲ್ಲಿದ್ದರು. ಪಂಕ್ ಸಂಗೀತದ ಕೂಗಾಟ ಕೂಗಿ ಕೂಗಿ ದಣಿದಿತ್ತು. ಆ ದಣಿವಿನಿಂದಲೇ ಇನ್ನೊಂದು ದನಿ ಎದ್ದಿತು. ಗಿಟಾರು ಹಿಂದಕ್ಕೆ ಸರಿದು ಬೇಸ್ ಮುಂದೆ ಬಂತು. ಡ್ರಮ್ಮಿನ ಪೆಟ್ಟು ಖಾಲಿ ಗೋದಾಮಿನಲ್ಲಿ ಬಿದ್ದಂತೆ ಮಾರ್ದನಿಸತೊಡಗಿತು. ನಾರ್ಥಾಂಪ್ಟನ್ ಎಂಬ ಸಾಧಾರಣ ಊರಿನ ‘ಬೌಹೌಸ್’ ತಂಡ 1979ರಲ್ಲಿ ಒಂಬತ್ತು ನಿಮಿಷಕ್ಕೂ ಮೀರಿದ ಒಂದು ಹಾಡನ್ನು ಹೊರತಂದಿತು. ಅದರ ವಸ್ತು ಬೆಲಾ ಲುಗೋಸಿಯ ಸಾವು. 1931ರ ಸಿನಿಮಾದಲ್ಲಿ ಡ್ರಾಕುಲಾ ಆಗಿದ್ದ ಹಂಗೇರಿ ಮೂಲದ ನಟ ಆತ. 1956ರಲ್ಲಿ ತೀರಿಕೊಂಡಾಗ ಡ್ರಾಕುಲಾನ ನಿಲುವಂಗಿ ತೊಡಿಸಿಯೇ ಮಣ್ಣು ಮಾಡಿದರು. ಹಾಡಿನ ಹಿಂದೆ ಸಿನಿಮಾ, ಸಿನಿಮಾದ ಹಿಂದೆ 1897ರಲ್ಲಿ ಬ್ರ್ಯಾಮ್ ಸ್ಟೋಕರ್ ಬರೆದ ಕಾದಂಬರಿ. ಅಂದರೆ ಈ ಸಂಗೀತ ಹುಟ್ಟುವಾಗಲೇ ಪುಸ್ತಕದ ಸಾಲವನ್ನು ಹೊತ್ತುಕೊಂಡು ಹುಟ್ಟಿತು.

ಸಾಲ ಇನ್ನೂ ಇತ್ತು. ‘ದಿ ಕ್ಯೂರ್’ ತಂಡದ ಮೊದಲ ಹಾಡೇ ಆಲ್ಬೆರ್ ಕಮೂನ 1942ರ ಕಾದಂಬರಿಯಿಂದ ಬಂದದ್ದು. 1981ರಲ್ಲಿ ಅವರು ಪೆನೆಲೊಪಿ ಫಾರ್ಮರ್ ಬರೆದ ಮಕ್ಕಳ ಕಾದಂಬರಿಯೊಂದನ್ನು ಹೆಸರೂ ಬದಲಿಸದೆ ಹಾಡಾಗಿಸಿದರು. ಮ್ಯಾಂಚೆಸ್ಟರಿನ ‘ಜಾಯ್ ಡಿವಿಷನ್’ನ ಗಾಯಕ ಇಯಾನ್ ಕರ್ಟಿಸ್ ಪುಸ್ತಕದ ಹುಳು. 1980ರ ಮೇ 18ರಂದು, ಇಪ್ಪತ್ತಮೂರರ ಪ್ರಾಯದಲ್ಲಿ, ಆತ ತನ್ನ ಕೈಯಾರೆ ಸತ್ತ. ಆ ಸಾವು ಒಂದು ಇಡೀ ಪೀಳಿಗೆಯ ಓದುವ, ಬರೆಯುವ ಹುಡುಗರ ತಲೆಯಲ್ಲಿ ಉಳಿದುಕೊಂಡಿತು.

ಸಾಲ ತೀರಿಸುವ ಕೆಲಸ ಮುಂದಿನ ಹತ್ತು ವರ್ಷಗಳಲ್ಲಿ ನಡೆಯಿತು. ಅದರಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ನಾರ್ಥಾಂಪ್ಟನ್ನಿನದ್ದೇ. ಚಿತ್ರಕಥೆಯ ದೊಡ್ಡ ಬರಹಗಾರ ಅಲನ್ ಮೂರ್ ಅದೇ ಊರಿನವನು. ಇವತ್ತಿಗೂ ಅಲ್ಲೇ ಇದ್ದಾನೆ. ಬೌಹೌಸಿನ ಬೇಸ್ ವಾದಕ ಡೇವಿಡ್ ಜೆ. ಅವನ ಗೆಳೆಯ. 1982ರಲ್ಲಿ ಶುರುವಾದ ‘ವಿ ಫಾರ್ ವೆಂಡೆಟಾ’ ಎಂಬ ಚಿತ್ರಕಥೆಯಲ್ಲಿ ಮೂರ್ ಒಂದು ಭಾಗವನ್ನು ಪೂರ್ತಿ ಹಾಡಾಗಿಯೇ ಬರೆದ. ಚಿತ್ರಕಾರ ಡೇವಿಡ್ ಲಾಯ್ಡ್ ಬರೆದ ಚಿತ್ರಗಳ ಜೊತೆಗೆ ಸಂಗೀತದ ಸ್ವರಲಿಪಿಯೇ ಪುಟದ ಮೇಲೆ ಹರಿಯುತ್ತದೆ. 1984ರಲ್ಲಿ ಡೇವಿಡ್ ಜೆ. ಅದನ್ನು ನಿಜವಾಗಿ ಹಾಡಿ ಧ್ವನಿಮುದ್ರಿಸಿದ. ಸಾಯಂದೇವನ ಪದಗಳು ‘ಗುರುಚರಿತ್ರೆ’ಯೊಳಗೆ ಕೂತಂತೆ ಇಲ್ಲೂ ಹಾಡು ಕಥೆಯ ಹೊಟ್ಟೆಯೊಳಗೆ ಕೂತಿದೆ. ಓದುಗ ಅದನ್ನು ಕಣ್ಣಿಂದ ಓದಿ ಮುಗಿಸಲಾರ, ಒಳಗೊಳಗೇ ಗುನುಗಬೇಕು.

1989 ಈ ಕಥೆಯ ನಡುಗಂಬ. ಆ ವರ್ಷ ‘ದಿ ಕ್ಯೂರ್’ ತನ್ನ ಅತ್ಯಂತ ವಿಷಣ್ಣ ಆಲ್ಬಂಗಳಲ್ಲೊಂದಾದ ‘ಡಿಸಿಂಟಿಗ್ರೇಷನ್’ ಹೊರತಂದಿತು. ಅದೇ ವರ್ಷದ ಜನವರಿಯ ತಾರೀಖು ಹೊತ್ತು ನೀಲ್ ಗೇಮನ್‌ನ ‘ಸ್ಯಾಂಡ್‌ಮನ್’ ಶುರುವಾಯಿತು. 1996ರವರೆಗೆ 75 ಸಂಚಿಕೆ ನಡೆಯಿತು. ಕನಸುಗಳ ಒಡೆಯನಾದ ಅದರ ನಾಯಕ ಬಿಳಿಚಿದ ಮುಖ, ಕೆದರಿದ ಕಪ್ಪು ಕೂದಲು, ಕಪ್ಪು ನಿಲುವಂಗಿಯ ತೆಳ್ಳನೆಯ ಮನುಷ್ಯ. ಬೌಹೌಸಿನ ಗಾಯಕ ಪೀಟರ್ ಮರ್ಫಿಯ ಛಾಯೆ ಎನ್ನುವವರುಂಟು, ಕ್ಯೂರ್‌ನ ರಾಬರ್ಟ್ ಸ್ಮಿತ್‌ನ ಛಾಯೆ ಎನ್ನುವವರೂ ಉಂಟು. ಅವನ ಅಕ್ಕ ಸಾವು. ಯಮನೆಂದರೆ ಕೋಣ, ಪಾಶ ಎಂದುಕೊಂಡು ಬೆಳೆದ ನಮಗೆ ಆ ಸಾವನ್ನು ನೋಡಿದರೆ ಬೆರಗಾಗುತ್ತದೆ: ಕಪ್ಪು ಬನಿಯನ್ನು, ಜೀನ್ಸು ತೊಟ್ಟ, ನಗುಮೊಗದ, ಮಾತಿನ ಮಲ್ಲಿಯಂಥ ಹುಡುಗಿ. ಚಿತ್ರಕಾರ ಮೈಕ್ ಡ್ರಿಂಗನ್‌ಬರ್ಗ್ ತನಗೆ ಪರಿಚಯವಿದ್ದ, ಗಾತ್ ಎಂದು ಕರೆಯುವ ಆ ಸಂಗೀತದ ಬಳಗದ ತರುಣಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳನ್ನು ಬರೆದ. ಸಂಗೀತದ ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಹುಡುಗಿಯ ವೇಷ ಸಾವಿನ ವೇಷವಾಯಿತು. ಸಾವಿಗೆ ಹೊಸ ಮುಖ ಸಿಕ್ಕಿತು.

ಮೂರನೆಯದು ‘ದಿ ಕ್ರೋ’. ಕಾಗೆ. ಬರೆದು ಚಿತ್ರಿಸಿದ ಜೇಮ್ಸ್ ಒ’ಬಾರ್ ಅಮೆರಿಕದ ಡೆಟ್ರಾಯ್ಟಿನವನು. ಮದುವೆಯಾಗಬೇಕಿದ್ದ ಹುಡುಗಿಯನ್ನು 1978ರಲ್ಲಿ ಕುಡಿದ ಅಮಲಿನ ಚಾಲಕನೊಬ್ಬ ಬಲಿ ತೆಗೆದುಕೊಂಡ. ಸೈನ್ಯಕ್ಕೆ ಸೇರಿ ಬರ್ಲಿನ್ನಿನಲ್ಲಿದ್ದಾಗ 1981ರಲ್ಲಿ ಒ’ಬಾರ್ ಈ ಕಥೆ ಬರೆಯತೊಡಗಿದ. ಅಚ್ಚಾಗಲು 1989 ಬರಬೇಕಾಯಿತು. ಕೊಲೆಯಾದ ಪ್ರೇಮಿಯೊಬ್ಬ ಕಾಗೆಯ ಜೊತೆ ಎದ್ದು ಬಂದು ಕೊಂದವರನ್ನು ಹುಡುಕುವ ಕಥೆ. ಕಥೆಯೇನು, ಸೇಡಿನ ಕಥೆ, ಸಾವಿರ ಇವೆ. ಆದರೆ ಪುಟ ಪುಟದಲ್ಲೂ ಜಾಯ್ ಡಿವಿಷನ್ನಿನ ಉಸಿರಿದೆ. ಅದರಲ್ಲಿ ಬರುವ ಪೊಲೀಸರ ಹೆಸರು ಹುಕ್, ಆಲ್ಬ್ರೆಕ್ಟ್. ಜಾಯ್ ಡಿವಿಷನ್ನಿನ ಬೇಸ್ ವಾದಕ ಪೀಟರ್ ಹುಕ್. ಗಿಟಾರ್ ವಾದಕ ಬರ್ನಾರ್ಡ್ ಆಗ ಬಳಸುತ್ತಿದ್ದ ಹೆಸರು ಆಲ್ಬ್ರೆಕ್ಟ್. 1994ರಲ್ಲಿ ಇದು ಸಿನಿಮಾ ಆಯಿತು, ಕ್ಯೂರ್ ಅದಕ್ಕೆಂದೇ ಹಾಡು ಕಟ್ಟಿತು. ಚಿತ್ರೀಕರಣದಲ್ಲಿ ಗುಂಡು ತಗುಲಿ ನಾಯಕ ನಟ ಬ್ರ್ಯಾಂಡನ್ ಲೀ ಸತ್ತದ್ದು ಬೇರೆಯದೇ ದುರಂತ.

ಕಾದಂಬರಿಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಆನ್ ರೈಸ್ 1985ರಲ್ಲಿ ರಕ್ತಪಿಶಾಚಿಯನ್ನೇ ರಾಕ್ ಗಾಯಕನನ್ನಾಗಿ ಮಾಡಿದಳು. ಪಾಪಿ ಜೆಡ್ ಬ್ರೈಟ್ ಹೆಸರಿನಲ್ಲಿ 1992ರಲ್ಲಿ ಬಂದ ‘ಲಾಸ್ಟ್ ಸೋಲ್ಸ್’ನಲ್ಲಿ ಸಣ್ಣ ಊರಿನ ಒಂಟಿ ಹುಡುಗರು ಬೌಹೌಸ್ ಕೇಳುತ್ತ ಮನೆ ಬಿಟ್ಟು ಹೋಗುತ್ತಾರೆ. ಚಿತ್ರಕಥೆಗೆ ಸಿಕ್ಕಷ್ಟು ಕಾದಂಬರಿಗೆ ಸಿಗಲಿಲ್ಲ ಎಂಬುದು ನನ್ನ ಅನಿಸಿಕೆ. ಕಾದಂಬರಿ ಹಾಡಿನ ಹೆಸರು ಹೇಳಬಲ್ಲದು, ಕೇಳಿದವನ ಎದೆ ಬಡಿತ ವರ್ಣಿಸಬಲ್ಲದು. ಚಿತ್ರಕಥೆ ಹಾಗಲ್ಲ. ಪುಟದ ಅರ್ಧಕ್ಕೆ ಮಸಿ ಸುರಿದು ಕಪ್ಪು ಮಾಡಬಲ್ಲದು, ಒಂದೇ ಮುಖವನ್ನು ನಾಲ್ಕು ಚೌಕದಲ್ಲಿ ಮತ್ತೆ ಮತ್ತೆ ಬರೆದು ಬೇಸ್‌ನ ಒಂದೇ ಸ್ವರದ ಹಟವನ್ನು ಕಣ್ಣಿಗೆ ತೋರಿಸಬಲ್ಲದು. ಆ ಸಂಗೀತ ಅವರಿಗೆ ಕೊಟ್ಟದ್ದು ಕಥಾವಸ್ತುವಲ್ಲ; ಒಂದು ಲಯ, ಒಂದು ಮುಖ, ಒಂದು ಹೊತ್ತು. ರಾತ್ರಿಯ ಹೊತ್ತು.

ರಾತ್ರಿಯ ಹೊತ್ತಿಗೆ ನಮ್ಮ ಕಡೆ ಬರಗಾಲವಿಲ್ಲ.

ಜೇವರಗಿ, ಅಫಜಲಪುರದ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಭಜನಿ ಮಂದಿಗೆ ಕರೆ ಹೋಗುತ್ತದೆ. ಹೆಣವನ್ನು ಕೂಡಿಸಿ, ಊದಿನಕಡ್ಡಿ ಹಚ್ಚಿ, ಹೊರಗೆ ಅಂಗಳದಲ್ಲಿ ಕಂಬಳಿ ಹಾಸುತ್ತಾರೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೇ ಪೇಟಿ. ಒಬ್ಬ ನುಡಿ ಎತ್ತುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಬೆಳ್ಳಿ ಮೂಡುವ ತನಕ. ಚಹಾ ಬರುತ್ತದೆ, ಬೀಡಿ ಹೊತ್ತುತ್ತದೆ, ನಡುವೆ ಒಂದು ಜೋಕು ಹಾರುತ್ತದೆ, ಮತ್ತೆ ಪದ. ಆ ಪದಗಳಲ್ಲಿ ಬಹುಪಾಲು ಸಾವಿನವೇ. ಒಡೆದ ಕೊಡ, ಕುಸಿಯುವ ಮನೆ, ಒಂಬತ್ತು ಬಾಗಿಲಿನ ಊರು, ಬಿಟ್ಟು ಹಾರಿದ ಹಕ್ಕಿ, ನರಿ ನಾಯಿಗಳ ಪಾಲಾಗುವ ಮಾಂಸ. ಹೆಣದ ಎದುರಿಗೇ ಕೂತು, ಹೆಣದ ಮನೆಯವರ ಎದುರಿಗೇ, ಈ ದೇಹ ಇಷ್ಟೇ ಎಂದು ಹಾಡುವ ಎದೆಗಾರಿಕೆ ಇದು. ಲಂಡನ್ನಿನ ಸೋಹೊದಲ್ಲಿ 1982ರಲ್ಲಿ ತೆರೆದ ಬ್ಯಾಟ್‌ಕೇವ್ ಎಂಬ ಗಾತ್ ಕ್ಲಬ್ಬಿನಲ್ಲಿ ಹೆಣದ ಅಲಂಕಾರ ಮಾಡಿಕೊಂಡು ಕುಣಿಯುತ್ತಿದ್ದವರ ಮುಂದೆ ಹೆಣವಿರಲಿಲ್ಲ.

ಈ ತತ್ವಪದಗಳ ದೊಡ್ಡ ಒಡೆಯ ಕಡಕೋಳದ ಮಡಿವಾಳಪ್ಪ. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, ನೆಲೆಸಿದ್ದು ಕಡಕೋಳದಲ್ಲಿ. ಮೊದಲು ಜೇವರಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳ ಈಗ ಅದರಿಂದ ಬೇರೆಯಾದ ಯಡ್ರಾಮಿ ತಾಲ್ಲೂಕಿನಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನಕ್ಕೆ ಹಬ್ಬಿದ ಬದುಕು. ಹುಟ್ಟಿನ ಬಗ್ಗೆಯೇ ಊರು ಮೂದಲಿಸಿತೆಂದೂ, ಮಡಿವಂತ ಮಠಗಳು ಕಾಡಿದವೆಂದೂ ಅವನ ಐತಿಹ್ಯ ಹೇಳುತ್ತದೆ. ಶಿಷ್ಯರ ಸಾಲು ನೋಡಿದರೆ ಆ ಕಾಟ ಯಾಕೆಂದು ತಿಳಿಯುತ್ತದೆ: ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ, ಕಡ್ಲೇವಾಡದ ಸಿದ್ಧಪ್ಪ, ಬೀದರ ಸೀಮೆಯ ರಾಂಪುರದ ಬಕ್ಕಪ್ಪ. ಜಾತಿ ಧರ್ಮಗಳನ್ನು ಬೆರೆಸಿ ಕಲಸಿಬಿಟ್ಟ ಮಠ ಅದು. ಇವರು ಕಟ್ಟಿದ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿದವರು ಓದು ಬಾರದ ಕೂಲಿ ಜನ, ಒಕ್ಕಲು ಮಕ್ಕಳು.

ಹೋಲಿಕೆ ಇಲ್ಲಿಗೆ ನಿಲ್ಲಬೇಕು, ಯಾಕೆಂದರೆ ವ್ಯತ್ಯಾಸವೇ ಹೆಚ್ಚು ಮುಖ್ಯ. ಗಾತ್ ಹಾಡಿನಲ್ಲಿ ಕತ್ತಲೆ ಒಬ್ಬನ ಸ್ವಂತ ಆಸ್ತಿ. ನನ್ನ ನೋವು, ನನ್ನ ಕೋಣೆ, ನನ್ನ ಕಪ್ಪು ಬಟ್ಟೆ. ತತ್ವಪದದ ಕತ್ತಲೆ ಸಾರ್ವಜನಿಕ. ಹಾಡುವವನು ನಿನ್ನ ಹೆಣವನ್ನು ತೋರಿಸಿ ನಿನ್ನ ಸೊಕ್ಕು ಮುರಿಯುತ್ತಾನೆ. ಗೌಡನದೂ ಅಷ್ಟೇ, ಮಠದ ಅಯ್ಯನದೂ ಅಷ್ಟೇ. ಮಡಿವಾಳಪ್ಪನಲ್ಲಿ ಸಾವು ಒಂದು ಸಾಮಾಜಿಕ ವಾದ. ಸುಡುಗಾಡಿನಲ್ಲಿ ಮೇಲು ಕೀಳು ಉಳಿಯುವುದಿಲ್ಲವೆಂದರೆ ಊರಲ್ಲಿ ಯಾಕೆ ಇರಬೇಕು ಎಂಬ ವಾದ. ಮೇಲಾಗಿ ಅವನಿಗೆ ನಗು ಬರುತ್ತದೆ. ಗಾತ್ ಬ್ಯಾಂಡುಗಳಿಗೆ ಬಹಳ ತಡವಾಗಿ ಬಂದದ್ದು, ಕೆಲವಕ್ಕೆ ಬಾರದೇ ಹೋದದ್ದು ಅದೇ.

ಇನ್ನೊಂದು ಹಾಡು ಮೊಹರಮ್ಮಿನದು. 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಬಿದ್ದ ಹುಸೇನರ ಕಥೆ ಭೀಮಾ ತೀರದಲ್ಲಿ ಕನ್ನಡದ ರಿವಾಯತ್ ಆಗಿ ಹರಿಯುತ್ತದೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಉತ್ತರ ಕರ್ನಾಟಕದಲ್ಲಿ ಅಲಾಯಿ ಕೂಡುತ್ತದೆ, ಕುಣಿಯಲ್ಲಿ ಕೆಂಡ ಉರಿಯುತ್ತದೆ. ಕೈಯಲ್ಲಿ ಕರವಸ್ತ್ರ ಹಿಡಿದು, ಹೆಜ್ಜೆ ಹಾಕುತ್ತ, ಎರಡು ಮೇಳದವರು ಸವಾಲ್–ಜವಾಬಿನಲ್ಲಿ ರಾತ್ರಿ ಕಳೆಯುತ್ತಾರೆ. ಮಕ್ಕಳ ಬಾಯಾರಿಕೆಯ ಭಾಗ ಬಂದಾಗ ಅಳದ ಮುದುಕಿ ಇಲ್ಲ. ನೀರಿಗಾಗಿ ಮೈಲುಗಟ್ಟಲೆ ನಡೆದವರಿಗೆ ಆ ಬಾಯಾರಿಕೆಯನ್ನು ವಿವರಿಸಿ ಹೇಳಬೇಕಿಲ್ಲ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಲೋಕಕ್ಕೆ ಒಳ್ಳೆಯ ದಾರಿ.

ಮೂರನೆಯದು ಗಾಣಗಾಪುರ. ಭೀಮಾ ಮತ್ತು ಅಮರ್ಜಾ ಕೂಡುವ ಜಾಗ. ಮಹಾಮಂಗಳಾರತಿಯ ನಗಾರಿ, ಗಂಟೆ ಏಕಕಾಲಕ್ಕೆ ಮೊಳಗಿದಾಗ ಗಾಳಿ ಸೋಕಿದವರೆಂದು ಕರೆತಂದ ಜನ ಕೂಗುತ್ತಾರೆ, ಕಂಬ ಹತ್ತುತ್ತಾರೆ, ನೆಲಕ್ಕೆ ಉರುಳುತ್ತಾರೆ. ಸದ್ದು ನಿಂತಾಗ ಅವರೂ ಸುಸ್ತಾಗಿ ಕೂರುತ್ತಾರೆ. ‘ಗುರುಚರಿತ್ರೆ’ಯಲ್ಲೇ ಇದರ ಮೂಲಕಥೆಯಿದೆ. ಊರಂಚಿನ ಅಶ್ವತ್ಥ ಮರದಲ್ಲಿ ಬ್ರಹ್ಮರಾಕ್ಷಸ. ಅವನ ಭಯಕ್ಕೆ ಪಕ್ಕದ ಮನೆ ಪಾಳು ಬಿದ್ದಿರುತ್ತದೆ. ನರಸಿಂಹ ಸರಸ್ವತಿ ಬಂದಾಗ ಆ ರಾಕ್ಷಸ ಕಾಲಿಗೆ ಬಿದ್ದು ಬಿಡುಗಡೆ ಬೇಡುತ್ತಾನೆ. ಸಂಗಮದಲ್ಲಿ ಮಿಂದು ಮುಕ್ತನಾಗುತ್ತಾನೆ. ಗುರು ಅದೇ ಪಾಳುಮನೆಯಲ್ಲಿ ಮಠ ಮಾಡುತ್ತಾನೆ. ಯುರೋಪಿನ ಗಾತಿಕ್ ಕಾದಂಬರಿಯಲ್ಲಾದರೆ ಪಾಳುಮನೆಗೆ ಕಾಲಿಟ್ಟವನು ಹೊರಗೆ ಬರುವುದಿಲ್ಲ, ಬಂದರೂ ತಲೆ ನೆಟ್ಟಗಿರುವುದಿಲ್ಲ. ಇಲ್ಲಿ ಪಾಳುಮನೆಗೆ ದೀಪ ಹಚ್ಚುತ್ತಾರೆ, ದೆವ್ವಕ್ಕೂ ಸದ್ಗತಿ ಸಿಗುತ್ತದೆ.

ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಾಣಗಾಪುರಕ್ಕೆ ಬರುವವರಲ್ಲಿ ಮನೋರೋಗದಿಂದ ನರಳುವವರಿದ್ದಾರೆ, ಮನೆಯ ಹಿಂಸೆ ತಾಳಲಾರದೆ ಕುಸಿದ ಹೆಣ್ಣುಮಕ್ಕಳಿದ್ದಾರೆ. ಮೊಬೈಲು ಹಿಡಿದು ಅವರ ಮುಖ ಚಿತ್ರಿಸಿ, ಭಯದ ಸಂಗೀತ ಹಚ್ಚಿ, ದೆವ್ವದ ವಿಡಿಯೊ ಎಂದು ಹರಿಬಿಡುವ ಚಾಳಿ ಶುರುವಾಗಿದೆ. ಅದು ಕಲೆಯೂ ಅಲ್ಲ, ಭಕ್ತಿಯೂ ಅಲ್ಲ. ಕತ್ತಲೆಯನ್ನು ಕಥೆ ಮಾಡಹೊರಟವನಿಗೆ ಮೊದಲು ಬೇಕಾದದ್ದು ನರಳುವವರ ಬಗ್ಗೆ ಮರ್ಯಾದೆ.

ಇಷ್ಟೆಲ್ಲ ಹಾಡಿರುವ ಸೀಮೆಯ ಕಥೆ, ಕಾದಂಬರಿ ಹೇಗಿವೆ? ಗೀತಾ ನಾಗಭೂಷಣ ಅವರಿಂದಲೇ ಶುರು ಮಾಡಬೇಕು. ಕಲಬುರಗಿ ಸಮೀಪದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ, ಮಿಲ್ ಕಾರ್ಮಿಕನ ಮಗಳು. 2001ರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 2020ರಲ್ಲಿ ಸಾವು. ದುರುಗಮುರುಗಿಯರ ಬದುಕನ್ನೂ ಅವರು ಅಧ್ಯಯನ ಮಾಡಿದ್ದರು. ದೇವಿಯ ಪೆಟ್ಟಿಗೆ ಹೊತ್ತ ಹೆಂಗಸು, ಚಾಟಿಯಿಂದ ತನ್ನ ಬರಿಮೈಗೆ ತಾನೇ ಹೊಡೆದುಕೊಳ್ಳುವ ಗಂಡಸು, ಕೋಲಿನಿಂದ ತೀಡಿದಾಗ ನರಳುವ ಉರುಮೆ. ಆ ಸದ್ದು ಒಮ್ಮೆ ಕೇಳಿದವರಿಗೆ ಬೌಹೌಸಿನ ಬೇಸ್ ಹೊಸದೆನಿಸುವುದಿಲ್ಲ. ಅವರ ‘ಮಾಪುರ ತಾಯಿಯ ಮಕ್ಕಳು’, ‘ಹಸಿಮಾಂಸ ಮತ್ತು ಹದ್ದುಗಳು’ ಹೆಸರಿನಲ್ಲೇ ಕತ್ತಲೆ ಹೊತ್ತಿವೆ. ಆದರೆ ಅವರ ಕತ್ತಲೆಯಲ್ಲಿ ದೆವ್ವವಿಲ್ಲ, ಗೌಡನಿದ್ದಾನೆ. ಹೆದರಿಕೆ ಮರದಿಂದ ಇಳಿಯುವುದಿಲ್ಲ, ವಾಡೆಯ ಬಾಗಿಲಿನಿಂದ ಹೊರಬರುತ್ತದೆ. ಕೇರಿಯ ಹಾಡು, ಬೈಗುಳ, ಹಬ್ಬ ಎಲ್ಲ ಗುಲ್ಬರ್ಗದ ಹಸಿ ಮಾತಿನಲ್ಲಿ ಅಲ್ಲಿವೆ. ಕಥೆ ಸಾಗುವ ಕ್ರಮ ಮಾತ್ರ ವಾಸ್ತವವಾದಿ ಕಾದಂಬರಿಯದು. ಹಾಡು ಅಲ್ಲಿ ಊರಿನ ಒಂದು ಸಂಗತಿ. ಕಾದಂಬರಿಯ ನಡಿಗೆಯನ್ನು ಅದು ಬದಲಿಸುವುದಿಲ್ಲ.

2019ರಲ್ಲಿ ತೀರಿಕೊಂಡ ಚೆನ್ನಣ್ಣ ವಾಲೀಕಾರ ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯವರು. ಅಂಬೇಡ್ಕರರ ಅಗಲಿಕೆಯ ನಂತರದ ತಬ್ಬಲಿತನವನ್ನು ಹಾಡಿದ ಅವರ ಪದ ದಲಿತ ಸಂಘಟನೆಯ ಸಭೆಗಳಲ್ಲಿ ದಶಕಗಳ ಕಾಲ ಮೊಳಗಿತು. ಶೋಕಗೀತೆ ಹೋರಾಟದ ಗೀತೆಯಾಗುವುದೆಂದರೆ ಇದು. ಮುಂದೆ ಅವರು ‘ವ್ಯೋಮಾವ್ಯೋಮ’ ಎಂಬ ಮಹಾಕಾವ್ಯಕ್ಕೆ ಕೈ ಹಾಕಿದರು, ಕಥೆ ಕಾದಂಬರಿಯನ್ನೂ ಬರೆದರು. ಕಡಕೋಳದವರೇ ಆದ ಮಲ್ಲಿಕಾರ್ಜುನ ಕಡಕೋಳ ‘ಯಡ್ರಾಮಿ ಸೀಮೆ ಕಥನಗಳು’ ಬರೆದಿದ್ದಾರೆ. ಭಜನಿಯಲ್ಲಿ ಕೂತೆದ್ದ ಮನುಷ್ಯನ ಗದ್ಯ ಅದು.

ಹಾಡಿನಿಂದ ಕಾದಂಬರಿ ಹುಟ್ಟಿದ್ದನ್ನು ಪೂರ್ತಿಯಾಗಿ ನೋಡಬೇಕೆಂದರೆ ಈ ಸೀಮೆ ಬಿಟ್ಟು ಬೆಳಗಾವಿಯ ಘೋಡಗೇರಿಗೆ ಹೋಗಬೇಕು. ಚಂದ್ರಶೇಖರ ಕಂಬಾರರು 1964ರಲ್ಲಿ ಲಾವಣಿಯ ಧಾಟಿಯಲ್ಲಿ ‘ಹೇಳತೇನ ಕೇಳ’ ಬರೆದರು. ಶಿವಾಪುರ ಎಂಬ ಅವರ ಕಲ್ಪನೆಯ ಊರು ಹಾಡಿನಲ್ಲಿ ಮೊದಲು ಎದ್ದು, ಆಮೇಲೆ ನಾಟಕಕ್ಕೆ ನಡೆದು, 1975ರ ‘ಕರಿಮಾಯಿ’, 1982ರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಗಳಿಗೆ ಬಂದು ಸೇರಿತು. ಕುಸಿಯುತ್ತಿರುವ ದೇಸಗತಿ, ಅದರೊಳಗೆ ಸಿಕ್ಕಿಕೊಂಡ ಹೆಣ್ಣು, ಕೋಣೆ ಕೋಣೆಯಲ್ಲೂ ಗುಟ್ಟು. ಕನ್ನಡದಲ್ಲಿ ಗಾತಿಕ್ ಕಾದಂಬರಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ‘ಸಿಂಗಾರೆವ್ವ’ನನ್ನು ತೋರಿಸುತ್ತೇನೆ. ಕಂಬಾರರು ಹಾಡಿನಿಂದ ತಂದದ್ದು ಸಾಲುಗಳನ್ನಲ್ಲ, ಹೇಳುವವನ ಗಂಟಲನ್ನು. ಊರಿನ ಬಾಯಿಂದ ಕಥೆ ಬರುತ್ತದೆ, ಬರುತ್ತ ಬರುತ್ತ ಬಣ್ಣ ಬದಲಿಸುತ್ತದೆ, ಕೇಳುವವನನ್ನು ಆಗಾಗ ಅಲುಗಿಸಿ ಎಬ್ಬಿಸುತ್ತದೆ. ಕಡಕೋಳದ ಪದಗಳಿಗೆ ಅಂಥ ಕಾದಂಬರಿ ಇನ್ನೂ ಸಿಗಬೇಕಿದೆ. ನಮ್ಮ ಸೀಮೆಯ ಬರಹಗಾರರು ತತ್ವಪದಕಾರರನ್ನು ಕುರಿತು ಬರೆದರೆ ಅದು ಬಹುತೇಕ ಚರಿತ್ರೆಯಾಗುತ್ತದೆ, ಇಲ್ಲವೇ ಪವಾಡದ ಕಥೆಯಾಗುತ್ತದೆ. ಪದದೊಳಗಿನ ಒಗಟು, ವ್ಯಂಗ್ಯ, ಹೆಣದ ಮುಂದಿನ ನಗೆ, ಪಲ್ಲವಿಗೆ ಮರಳುವ ಆ ಹಟ ಗದ್ಯಕ್ಕೆ ಇಳಿಯುವುದು ಅಪರೂಪ.

ಚಿತ್ರಕಥೆಯ ಲೆಕ್ಕ ಇನ್ನೂ ತೆಳು. ವಿಚಿತ್ರವೆಂದರೆ ಭಾರತದ ಬಲು ದೊಡ್ಡ ಚಿತ್ರಕಥಾ ಮಾಲೆಯ ಹುಟ್ಟಿನಲ್ಲಿ ಕನ್ನಡದ ಪಾಲಿದೆ. 1965ರ ಹೊತ್ತಿಗೆ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅ​ನಂತರಾಮ್ ಅವರ ಮುತುವರ್ಜಿಯಿಂದ ಅಮರ ಚಿತ್ರಕಥೆ ಕನ್ನಡದಲ್ಲಿ ಬಂದಿತ್ತು. ಇಂಗ್ಲಿಷಿನ ಯಶಸ್ಸು ಅದರ ನಂತರದ ಮಾತು. ಆ ಮಾಲೆ ಶರಣರನ್ನು, ಸಂತರನ್ನು ಚಿತ್ರಿಸಿತು, ಆದರೆ ಎಲ್ಲರ ಮುಖವೂ ಒಂದೇ ಹೊಳಪಿನದು. ತಲೆಯ ಹಿಂದೆ ಪ್ರಭಾವಳಿ, ಕೊನೆಯ ಪುಟದಲ್ಲಿ ಜನ ಕೈ ಮುಗಿಯುವುದು. ‘ಬಾಲಮಂಗಳ’ದ ಡಿಂಗನನ್ನು ಓದಿ ಬೆಳೆದ ಪೀಳಿಗೆ ದೊಡ್ಡವರಾದ ಮೇಲೆ ಓದಲು ಕನ್ನಡದಲ್ಲಿ ಚಿತ್ರಕಥೆ ಹುಡುಕಿ ಸೋತಿತು. ರಾಕ್ ಸಂಗೀತವೇನೋ ತತ್ವಪದದ ಬಾಗಿಲು ತಟ್ಟಿತು. ರಘು ದೀಕ್ಷಿತ್ 2008ರ ತಮ್ಮ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಕೂಡಿಸಿ ಕಾಲೇಜು ಹುಡುಗರ ಬಾಯಿಗೆ ಹಾಕಿದರು. ಕೇಳಲು ಸೊಗಸು, ಕುಣಿಯಲು ಇನ್ನೂ ಸೊಗಸು. ಅದು ಹಬ್ಬದ ಶರೀಫ. ಸುಡುಗಾಡಿನ ಶರೀಫನನ್ನು ಹಾಡುವ ಬ್ಯಾಂಡು ಬೇರೆಯೇ ಆಗಬೇಕು.

ಪ್ರಭಾವ ಹೇಗೆ ಹರಿಯುತ್ತದೆ ಎಂಬುದಕ್ಕೆ ನಾರ್ಥಾಂಪ್ಟನ್ ಒಳ್ಳೆಯ ಪಾಠ. ಸಂಗೀತಗಾರನೂ ಚಿತ್ರಕಥೆಗಾರನೂ ಒಂದೇ ಊರಿನವರು, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿತ್ತು. ನಮ್ಮಲ್ಲಿ ಭಜನಿಯವರು ಹಳ್ಳಿಯಲ್ಲಿ, ಕಾದಂಬರಿಕಾರರು ಕಲಬುರಗಿಯ ಬಡಾವಣೆಗಳಲ್ಲಿ, ಚಿತ್ರಕಾರರು ಬೆಂಗಳೂರಿನ ಜಾಹೀರಾತು ಕಂಪನಿಗಳಲ್ಲಿ. ಮೂವರು ಒಂದು ರಾತ್ರಿ ಒಂದೇ ಕಂಬಳಿಯ ಮೇಲೆ ಕೂರುವ ಸಂದರ್ಭವೇ ಬರುವುದಿಲ್ಲ. ಬಂದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಪುಟದ ಬಲಗಡೆಯ ಕೊನೆಯ ಚೌಕದಲ್ಲಿ ಪ್ರತಿ ಸಲ ಅದೇ ಅಂಗಳ, ಅದೇ ಲಾಟೀನು, ಅದೇ ಭಜನಿ ಮಂದಿ: ಅದು ಪಲ್ಲವಿ. ಉಳಿದ ಚೌಕಗಳಲ್ಲಿ ಸತ್ತವನ ಬದುಕು: ಅದು ನುಡಿ. ಬಣ್ಣ ಬೇಡ, ಕಪ್ಪು ಬಿಳುಪು ಸಾಕು. ಎರೆ ಭೂಮಿಯ ಕಪ್ಪು, ಜೋಳದ ಬಿಳುಪು. ಚೆನ್ನೂರ ಜಲಾಲಸಾಹೇಬ ಕಡಕೋಳಕ್ಕೆ ನಡೆದು ಬಂದ ದಾರಿಯೊಂದನ್ನೇ ಮೂವತ್ತು ಪುಟ ಬರೆಯಬಹುದು, ಒಂದೂ ಮಾತಿಲ್ಲದೆ.

ಸಾಮಗ್ರಿ ಸಿಗುವುದಿಲ್ಲ ಎನ್ನುವ ಕಾಲವೂ ಹೋಯಿತು. ಎಸ್. ನಟರಾಜ ಬೂದಾಳು ಅವರ ಪ್ರಧಾನ ಸಂಪಾದಕತ್ವದಲ್ಲಿ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ರಾಜ್ಯದ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ತಂದಿದೆ. ಕಡಕೋಳದ ಪರಂಪರೆಯೂ ಅದರಲ್ಲಿದೆ. ಆದರೆ ಪುಸ್ತಕ ತೆರೆಯುವ ಮೊದಲು ಒಂದು ರಾತ್ರಿ ಭಜನಿಯಲ್ಲಿ ಕೂತು ಬನ್ನಿ. ಕಡಗಂಚಿಯ ವಿದ್ಯಾರ್ಥಿಗಳಿಗೆ, ಕಲಬುರಗಿಯ ಚಿತ್ರಕಲಾ ಶಾಲೆಗಳ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟೆ: ಬೌಹೌಸ್ ಕೇಳಿ, ‘ಕಾಗೆ’ಯನ್ನು ಓದಿ, ಬೇಡ ಎನ್ನುವುದಿಲ್ಲ. ಆಮೇಲೆ ನೋಟುಬುಕ್ಕು, ಪೆನ್ಸಿಲು ಹಿಡಿದು ಯಡ್ರಾಮಿ ಬಸ್ಸು ಹತ್ತಿ. ಹಾಡುವವರಲ್ಲಿ ಬಹಳ ಮಂದಿಗೆ ಈಗ ವಯಸ್ಸಾಗಿದೆ.